ಮೇಲ್ಸೇತುವೆಯ ಕೆಳಗೆ ಸುಂಟರಗಾಳಿಯಿಂದ ರಕ್ಷಣೆ ಇಲ್ಲ

ಸುಂಟರಗಾಳಿ ಬಂದಾಗ ಹೆದ್ದಾರಿಯ ಮೇಲ್ಸೇತುವೆಯ ಕೆಳಗೆ ಅಡಗಿದರೆ ಜೀವ ಉಳಿಯುತ್ತದೆ ಎಂಬ ಮಾತಿಗೆ ಒಂದು ಹಳೆಯ ವಿಡಿಯೊವನ್ನು ಸಾಕ್ಷಿಯಾಗಿ ತೋರಿಸಲಾಗುತ್ತದೆ. ಇದು ತಪ್ಪು, ಪ್ರಾಣಕ್ಕೇ ಎರವಾಗುವ ತಪ್ಪು.

ಆ ದೃಶ್ಯವನ್ನು 1991ರ ಏಪ್ರಿಲ್ 26ರಂದು ಅಮೆರಿಕದ ಕಾನ್ಸಾಸ್ ಟರ್ನ್‌ಪೈಕ್ ಹೆದ್ದಾರಿಯಲ್ಲಿ, ಎಲ್ ಡೊರಾಡೊ ಬಳಿ, ಟಿವಿ ಸುದ್ದಿ ತಂಡವೊಂದು ಚಿತ್ರೀಕರಿಸಿತು. ಸೇತುವೆಯ ತೊಲೆಗಳಡಿ ಅವಿತವರೆಲ್ಲರೂ ಬದುಕಿದರು, ನಿಜ. ಆದರೆ ಆ ಸುಂಟರಗಾಳಿ ದುರ್ಬಲವಾಗಿತ್ತು. ಸೇತುವೆಯ ಮೇಲೆ ನೇರವಾಗಿ ಹಾಯದೆ ಪಕ್ಕದಲ್ಲಿ ಸಾಗಿತು. ತೂರಿಕೊಳ್ಳಲು ಜಾಗವಿದ್ದ ಅಂಥ ವಿನ್ಯಾಸವೂ ಅಪರೂಪ.

1999ರ ಮೇ 3ರಂದು ಒಕ್ಲಹೋಮದಲ್ಲಿ ಇದೇ ನಂಬಿಕೆ ಬಲಿ ಪಡೆಯಿತು. ಮೂರು ಮೇಲ್ಸೇತುವೆಗಳ ಕೆಳಗೆ ಆಶ್ರಯ ಪಡೆದವರಲ್ಲಿ ತಲಾ ಒಬ್ಬರು ಸತ್ತರು, ಹಲವರು ತೀವ್ರವಾಗಿ ಗಾಯಗೊಂಡರು. ಇಕ್ಕಟ್ಟಿನಲ್ಲಿ ನುಗ್ಗುವ ಗಾಳಿಯ ವೇಗ ಹೆಚ್ಚುತ್ತದೆ. ಇಳಿಜಾರು ಹತ್ತಿ ಕುಳಿತವರಿಗೆ ನೆಲಮಟ್ಟಕ್ಕಿಂತ ಬಿರುಸಾದ ಗಾಳಿ ತಗಲುತ್ತದೆ. ಹಾರಿ ಬರುವ ಮರದ ತುಂಡು, ತಗಡು, ಗಾಜುಗಳಿಗೆ ಅಲ್ಲಿ ಅಡ್ಡ ಗೋಡೆಯೇ ಇಲ್ಲ. ಕೊಲ್ಲುವುದು ಹೆಚ್ಚಾಗಿ ಇವೇ. ಸೇತುವೆಯಡಿ ನಿಲ್ಲಿಸಿದ ವಾಹನಗಳು ಹಿಂದೆ ಬರುವವರ ದಾರಿಯನ್ನೂ ಮುಚ್ಚುತ್ತವೆ.

ಅಮೆರಿಕದಲ್ಲಿರುವ ನಮ್ಮ ಕನ್ನಡಿಗರಲ್ಲಿ ನನ್ನ ಕಳಕಳಿಯ ವಿನಂತಿ: ಎಚ್ಚರಿಕೆ ಬಂದ ಕೂಡಲೇ ನೆಲಮಾಳಿಗೆಗೆ ಇಳಿಯಿರಿ. ಅದಿಲ್ಲದಿದ್ದರೆ ಗಟ್ಟಿ ಕಟ್ಟಡದ ಕೆಳ ಅಂತಸ್ತಿನಲ್ಲಿ, ಕಿಟಕಿಯಿಲ್ಲದ ಒಳಕೋಣೆಗೆ ಹೋಗಿ.