ಹಸುಗೂಸಿಗೆ ಸಿ.ಡಿ., ಹದಿಹರೆಯಕ್ಕೆ ಬಸ್ಸು

ಮಕ್ಕಳು ಹೇಗೆ ಯೋಚಿಸಲು ಕಲಿಯುತ್ತಾರೆ, ಹದಿಹರೆಯದವರು ಗೆಳೆಯರ ಎದುರಿನಲ್ಲಿ ಏಕೆ ಬೇರೆಯೇ ವ್ಯಕ್ತಿಗಳಾಗಿಬಿಡುತ್ತಾರೆ ಎಂಬ ಪ್ರಶ್ನೆಗಳ ಹಿಂದೆ ಮನೋವಿಜ್ಞಾನಿಗಳು ನೂರು ವರ್ಷಗಳಿಗೂ ಮೇಲ್ಪಟ್ಟು ಬಿದ್ದಿದ್ದಾರೆ. ಅವರು ಕಂಡುಕೊಂಡದ್ದರಲ್ಲಿ ಯಾವುದು ಜಾರಿಗೆ ಬರುತ್ತದೆ, ಯಾವುದು ಕಪಾಟು ಸೇರುತ್ತದೆ ಎಂಬುದಕ್ಕೂ ಒಂದು ನಿಯಮವಿದೆ ಎಂದು ಈ ಅಂಕಣಕಾರನ ಅನುಮಾನ. ಮಗುವನ್ನು ತಿದ್ದಬೇಕು ಅಥವಾ ಮಗುವಿಗಾಗಿ ಏನನ್ನಾದರೂ ಕೊಳ್ಳಬೇಕು ಎಂದು ಧ್ವನಿಸುವ ಸಂಶೋಧನೆ ಶಾಸನಸಭೆಯವರೆಗೆ ಓಡಿಕೊಂಡು ಹೋಗುತ್ತದೆ. ದೊಡ್ಡವರು ತಮ್ಮ ಏರ್ಪಾಡುಗಳನ್ನು ಬದಲಿಸಿಕೊಳ್ಳಬೇಕು ಎನ್ನುವ ಸಂಶೋಧನೆಯ ಕಡತದ ಮೇಲೆ ಮಾತ್ರ ‘ಹೆಚ್ಚಿನ ಅಧ್ಯಯನ ಅಗತ್ಯ’ ಎಂಬ ಷರಾ ಬೀಳುತ್ತದೆ.

ಓಡಿದ ಸಂಶೋಧನೆಗೆ ಉತ್ತಮ ಉದಾಹರಣೆ ಮೊಜಾರ್ಟ್ ಪರಿಣಾಮ. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಪುಟ್ಟ ವರದಿಯೊಂದರ ಪ್ರಕಾರ, 36 ಕಾಲೇಜು ವಿದ್ಯಾರ್ಥಿಗಳು ಹತ್ತು ನಿಮಿಷ ಮೊಜಾರ್ಟ್‌ನ ಪಿಯಾನೊ ಸಂಗೀತ ಕೇಳಿದ ಮೇಲೆ, ಮಡಚಿ ಕತ್ತರಿಸಿದ ಕಾಗದವನ್ನು ಬಿಡಿಸಿದರೆ ಹೇಗೆ ಕಂಡೀತು ಎಂದು ಊಹಿಸುವಂಥ ಲೆಕ್ಕಗಳಲ್ಲಿ ಸ್ವಲ್ಪ ಹೆಚ್ಚು ಅಂಕ ಗಳಿಸಿದರು. ಕಾಲು ಗಂಟೆಯೊಳಗೆ ಆ ಹೆಚ್ಚುವರಿ ಬುದ್ಧಿ ಇಳಿದುಹೋಯಿತು ಎಂದೂ ಅದರಲ್ಲೇ ಬರೆದಿತ್ತು. ಪ್ರಯೋಗದಲ್ಲಿ ಒಂದೇ ಒಂದು ಶಿಶು ಇರಲಿಲ್ಲ. ಈ ಕೊರತೆಯನ್ನು ತುಂಬುವ ಹೊಣೆಯನ್ನು ರಾಜಕಾರಣಿಗಳು ಹೊತ್ತುಕೊಂಡರು. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಝೆಲ್ ಮಿಲ್ಲರ್ ಅವರು, ರಾಜ್ಯದಲ್ಲಿ ಹುಟ್ಟುವ ಪ್ರತಿ ಮಗುವಿನ ಮನೆಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆಯೊಂದು ತಲುಪಲಿ ಎಂದು ಬಜೆಟ್ಟಿನಲ್ಲಿ 1,05,000 ಡಾಲರ್ ಕೇಳಿದರು. ಶಾಸಕರಿಗೆ ಮಾದರಿಯಾಗಿ ಸಂಗೀತವನ್ನು ಕೇಳಿಸಿ, ಈಗಾಗಲೇ ಬುದ್ಧಿ ಹೆಚ್ಚಾದಂತೆ ಅನ್ನಿಸುತ್ತಿಲ್ಲವೇ ಎಂದೂ ವಿಚಾರಿಸಿದರು. ಕೇಳಿಸಿದ್ದು ಬೀಥೋವನ್‌ನ ಕೃತಿ ಎಂಬುದು ಸಣ್ಣ ಮಾತು, ಶಾಸಕರೂ ಶಿಶುಗಳಲ್ಲವಷ್ಟೇ. ಅದೇ ವರ್ಷ ಫ್ಲಾರಿಡಾ ರಾಜ್ಯವು ಸರ್ಕಾರದ ಹಣ ಪಡೆಯುವ ಶಿಶುಪಾಲನಾ ಕೇಂದ್ರಗಳಲ್ಲಿ ಪ್ರತಿದಿನ ಶಾಸ್ತ್ರೀಯ ಸಂಗೀತ ಕೇಳಿಸಬೇಕೆಂದು ಕಾನೂನನ್ನೇ ಮಾಡಿತು. ಪ್ರಯೋಗಶಾಲೆಯಿಂದ ಕಾನೂನಿನವರೆಗೆ ಐದು ವರ್ಷ! ಮುಂದೆ, 2010ರಲ್ಲಿ, ಸುಮಾರು ನಲವತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರಿಗೆ ಮೊಜಾರ್ಟ್‌ನಲ್ಲಿ ಅಂಥ ವಿಶೇಷ ಶಕ್ತಿಯೇನೂ ಕಾಣಲಿಲ್ಲ. ಆದರೆ ಆ ಫಲಿತಾಂಶವನ್ನು ಶಾಸನಸಭೆಯಲ್ಲಿ ಯಾರೂ ನುಡಿಸಿ ತೋರಿಸುವಂತಿರಲಿಲ್ಲ. ಇದೇ ಉತ್ಸಾಹದ ಅಲೆಯಲ್ಲಿ ‘ಬೇಬಿ ಐನ್‌ಸ್ಟೈನ್’ ಎಂಬ ಶಿಶುಗಳ ವಿಡಿಯೊಗಳೂ ಮಾರಾಟವಾದವು. 2009ರಲ್ಲಿ ಅವುಗಳ ಒಡೆತನ ಹೊಂದಿದ್ದ ಡಿಸ್ನಿ ಕಂಪನಿ, ಬೇಕಾದವರು ಡಿ.ವಿ.ಡಿ. ಹಿಂದಿರುಗಿಸಿ ಹಣ ಪಡೆಯಬಹುದು ಎಂದು ಪ್ರಕಟಿಸಿತು. ಐನ್‌ಸ್ಟೈನ್ ಆಗದೆ ಉಳಿದ ಮಕ್ಕಳನ್ನು ಹಿಂದಿರುಗಿಸುವ ಸೌಲಭ್ಯವೇನೂ ಇರಲಿಲ್ಲವೆಂದು ತೋರುತ್ತದೆ.

ಇನ್ನು ಸಂಯಮದ ವಿಷಯ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದ ಶಿಶುವಿಹಾರದಲ್ಲಿ ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಅವರು ಮಕ್ಕಳ ಮುಂದೆ ಮಾರ್ಷ್‌ಮ್ಯಾಲೊ ಎಂಬ ಮೆತ್ತನೆಯ ಸಿಹಿ ಮುಂತಾದ ತಿನಿಸುಗಳನ್ನಿಟ್ಟು, ನಾನು ಬರುವವರೆಗೆ ಕಾದರೆ ಎರಡು ಸಿಗುತ್ತದೆ ಎಂದು ಹೇಳಿ ಎದ್ದುಹೋಗುವ ಪ್ರಯೋಗ ನಡೆಸಿದ್ದು ಲೋಕಪ್ರಸಿದ್ಧ. ಕಾದ ಮಕ್ಕಳು ಮುಂದೆ ಪರೀಕ್ಷೆಗಳಲ್ಲೂ ಮುಂದಿದ್ದರು ಎಂಬ 1990ರ ಫಲಿತಾಂಶವನ್ನು ಜಗತ್ತು ಎರಡೂ ಕೈಗಳಿಂದ ಬಾಚಿಕೊಂಡಿತು, ಏಕೆಂದರೆ ಇದರಲ್ಲಿ ದೊಡ್ಡವರು ಮಾಡಬೇಕಾದ ಕೆಲಸ ಎದ್ದುಹೋಗುವುದೊಂದೇ. 2018ರಲ್ಲಿ ಒಂಬೈನೂರಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಪರಿಶೀಲಿಸಿದಾಗ ಆ ನಂಟು ಅರ್ಧಕ್ಕಿಳಿಯಿತು; ಮನೆಯ ಸ್ಥಿತಿಗತಿ ಮೊದಲಾದವನ್ನು ಲೆಕ್ಕಕ್ಕೆ ಹಿಡಿದ ಮೇಲೆ ಉಳಿದದ್ದರಲ್ಲೂ ಮೂರರಲ್ಲಿ ಎರಡು ಪಾಲು ಕರಗಿತು.

ಇದಕ್ಕಿಂತ ಮುಜುಗರದ ಪ್ರಯೋಗ 2013ರದು. ರಾಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 28 ಪುಟ್ಟ ಮಕ್ಕಳಿಗೆ ಮೊದಲು ಸವೆದ ಬಣ್ಣದ ಕಡ್ಡಿಗಳನ್ನು ಕೊಟ್ಟು, ಸ್ವಲ್ಪ ಕಾದರೆ ಇದಕ್ಕಿಂತ ಒಳ್ಳೆಯವನ್ನು ತರುತ್ತೇವೆ ಎಂದರು. ಅರ್ಧದಷ್ಟು ಮಕ್ಕಳಿಗೆ ಹೇಳಿದಂತೆ ತಂದುಕೊಟ್ಟರು. ಉಳಿದರ್ಧ ಮಕ್ಕಳ ಬಳಿಗೆ ಬರಿಗೈಯಲ್ಲಿ ಬಂದು, ಕ್ಷಮಿಸು ಮಗು, ನಮ್ಮಲ್ಲಿ ಇಲ್ಲ ಎಂದು ಹೇಳಿದರು. ಆಮೇಲೆ ಮಾರ್ಷ್‌ಮ್ಯಾಲೊ ಇಟ್ಟರು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ ಹನ್ನೆರಡು ನಿಮಿಷ ಕಾದರೆ, ಮಾತು ತಪ್ಪಿದವರನ್ನು ಕಂಡವರು ಮೂರೇ ನಿಮಿಷಕ್ಕೆ ವಿಷಯವನ್ನು ಬಾಯಲ್ಲಿ ಹಾಕಿಕೊಂಡು ಮುಗಿಸಿದರು. ಅನುಭವದಿಂದ ಕಲಿಯುವ ಈ ಸಾಮರ್ಥ್ಯವನ್ನು ಮತದಾರರಲ್ಲಿ ಕಂಡರೆ ನಾವು ಪ್ರಬುದ್ಧತೆ ಎನ್ನುತ್ತೇವೆ, ನಾಲ್ಕು ವರ್ಷದ ಮಗುವಿನಲ್ಲಿ ಕಂಡರೆ ಸಂಯಮದ ಕೊರತೆ ಎನ್ನುತ್ತೇವೆ. ಮಕ್ಕಳಿಗೆ ಕಾಯುವುದನ್ನು ಕಲಿಸುವ ಸಲಹೆಗಳು ಬೇಕಾದಷ್ಟು ಸಿಗುತ್ತವೆ. ಹೇಳಿದ್ದನ್ನು ತಂದುಕೊಡಲು ದೊಡ್ಡವರಿಗೆ ಕಲಿಸುವ ಶಿಬಿರ ಎಲ್ಲಾದರೂ ನಡೆಯುತ್ತಿದ್ದರೆ ಅದರ ಕರಪತ್ರ ಈ ಅಂಕಣಕಾರನ ಕೈಗೆ ಇನ್ನೂ ಬಂದಿಲ್ಲ.

ಹದಿಹರೆಯಕ್ಕೆ ಬಂದರೆ ನಿಯಮ ಇನ್ನಷ್ಟು ಬಿಗಿಯಾಗುತ್ತದೆ. 2005ರ ಒಂದು ಅಧ್ಯಯನದಲ್ಲಿ, ಪರದೆಯ ಮೇಲೆ ಕಾರು ಓಡಿಸುವ ಆಟದಲ್ಲಿ 13ರಿಂದ 16 ವರ್ಷದವರು ಒಂಟಿಯಾಗಿದ್ದಾಗಿನದಕ್ಕಿಂತ ಗೆಳೆಯರು ನೋಡುತ್ತಿದ್ದಾಗ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. 24 ದಾಟಿದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಪಾಯದ ಅರಿವಿಲ್ಲದೆ ಮಾಡುವುದಲ್ಲ, ಗೆಳೆಯರ ಕಣ್ಣ ಮುಂದೆ ಆ ಅರಿವಿನ ತೂಕ ಕಡಿಮೆಯಾಗುತ್ತದೆ ಎಂಬುದು ಇದರ ತಾತ್ಪರ್ಯ. ಇದನ್ನು ಅರಗಿಸಿಕೊಂಡ ಹಿರಿಯರು ಮಾಡುವುದೇನೆಂದರೆ, ಅಷ್ಟೂ ಗೆಳೆಯರನ್ನು ಒಂದೇ ಸಭಾಂಗಣದಲ್ಲಿ ಕೂರಿಸಿ ಅಪಾಯದ ಅರಿವು ಮೂಡಿಸುವ ಭಾಷಣ.

ನಿದ್ರೆಯ ಕಥೆ ಇನ್ನೂ ಸೊಗಸಾಗಿದೆ. ಪ್ರೌಢಾವಸ್ಥೆಗೆ ಕಾಲಿಡುತ್ತಿದ್ದಂತೆ ದೇಹದ ಗಡಿಯಾರ ಹಿಂದೆ ಬೀಳುತ್ತದೆ, ನಿದ್ರೆಗೆ ಸಿದ್ಧಗೊಳಿಸುವ ಮೆಲಟೋನಿನ್ ಎಂಬ ಹಾರ್ಮೋನು ರಾತ್ರಿ ತಡವಾಗಿ ಏರುತ್ತದೆ, ಆದರೆ ನಿದ್ರೆ ಮಾತ್ರ ಎಂಟರಿಂದ ಹತ್ತು ಗಂಟೆ ಬೇಕು ಎಂಬುದನ್ನು ನಿದ್ರೆಯ ಸಂಶೋಧಕಿ ಮೇರಿ ಕಾರ್ಸ್‌ಕಡನ್ ಮೊದಲಾದವರು ದಶಕಗಳ ಹಿಂದೆಯೇ ತೋರಿಸಲು ಆರಂಭಿಸಿದ್ದರು. 2014ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಪ್ರೌಢಶಾಲೆಗಳು ಬೆಳಿಗ್ಗೆ 8.30ಕ್ಕಿಂತ ಮೊದಲು ಆರಂಭವಾಗಬಾರದು ಎಂದು ಶಿಫಾರಸು ಮಾಡಿತು. ಧ್ವನಿಮುದ್ರಿಕೆ ಹಂಚಬೇಕಿಲ್ಲ, ಯಾರೂ ಏನನ್ನೂ ಕೊಳ್ಳಬೇಕಿಲ್ಲ, ಗಂಟೆಯನ್ನು ತಡವಾಗಿ ಬಾರಿಸಿದರೆ ಸಾಕು. ಬಹುಶಃ ಅದೇ ತೊಡಕಾಯಿತು. ಶಿಶುಗಳಿಗೆ ಸಂಗೀತವನ್ನು ಐದೇ ವರ್ಷದಲ್ಲಿ ಕಡ್ಡಾಯ ಮಾಡಿದ್ದ ಫ್ಲಾರಿಡಾ 2023ರಲ್ಲಿ ಅಂತೂ ಇಂಥದೊಂದು ಕಾನೂನು ತಂದಿತು, ಅದನ್ನು ಪಾಲಿಸಲು 2026ರವರೆಗೆ ಗಡುವು ಕೊಟ್ಟಿತು, ಮತ್ತು ಗಡುವು ಬರುವ ಮೊದಲೇ, 2025ರಲ್ಲಿ, ಕಾನೂನನ್ನು ಹಿಂದಕ್ಕೆ ಪಡೆಯಿತು. ಬಸ್ಸುಗಳ ವೇಳಾಪಟ್ಟಿ ಹೊಂದುವುದಿಲ್ಲ, ಖರ್ಚು ವಿಪರೀತ ಎಂದು ಶಾಲಾ ಆಡಳಿತಗಳು ದೂರಿದ್ದವು. ಬಸ್ಸು ಸುಲಭವಾಗಿ ದಾರಿ ಬದಲಿಸುವ ವಾಹನವಲ್ಲ ಎಂಬುದನ್ನು ಒಪ್ಪೋಣ. ಮೆಲಟೋನಿನ್ ಕಡೆಯಿಂದಲೂ ಈವರೆಗೆ ಯಾವ ರಾಜಿ ಪ್ರಸ್ತಾಪವೂ ಬಂದಿಲ್ಲ.