ಪಿಬಿ ರಸ್ತೆಯ ಪಾಳೆಗಾರರು

ಸುದ್ದಿ ನೀವೂ ಓದಿರುತ್ತೀರಿ. ಸೈಕಲ್ ಹೊಡೆದದ್ದನ್ನು, ಓಡಿದ್ದನ್ನು ಅಳೆದು, ಯಾರು ಎಷ್ಟು ಬೇಗ ಅಂತ ಪಟ್ಟಿ ಮಾಡುವ ಸ್ಟ್ರಾವಾ ಅನ್ನೋ ಆ್ಯಪಿನ ಕಂಪ್ನಿಯವರು 2025ರಲ್ಲಿ ತಮ್ಮ ಪಟ್ಟಿಗಳನ್ನೆಲ್ಲ ಜಾಲಾಡಿದರು. ಕಾರಲ್ಲೋ ಬೈಕಲ್ಲೋ ಹೋಗಿ ಸೈಕಲ್ ಅಂತ ಬರೆಸಿಕೊಂಡವರನ್ನು ಕತ್ತು ಹಿಡಿದು ಹೊರಗೆ ಹಾಕಿದರು. ಲಕ್ಷಗಟ್ಟಲೆ ರೈಡುಗಳು ಹೋದವು. ಪಟ್ಟಿಯ ತುದಿಯಲ್ಲಿದ್ದ ಎಷ್ಟೋ ರಾಜರು ರಾತ್ರೋರಾತ್ರಿ ಸಿಂಹಾಸನ ಕಳೆದುಕೊಂಡರು. ದಾವಣಗೆರೆಯಲ್ಲೂ ಒಂದೆರಡು ಕಿರೀಟ ಉರುಳಿದವಂತೆ. ಯಾರದು ಅಂತ ನಾನು ಹೇಳುವುದಿಲ್ಲ. ಎರಡನೇ ಬೆಣ್ಣೆ ದೋಸೆ ಬೇಡ ಅಂದವರನ್ನು ನೋಡಿಕೊಂಡರೆ ನಿಮಗೇ ಗೊತ್ತಾಗುತ್ತದೆ.

ನನ್ನ ಪ್ರಕಾರ ಇದು ಅನ್ಯಾಯ. ಒಬ್ಬ ಮನುಷ್ಯ ಬೆಳಿಗ್ಗೆ ಎದ್ದು ಹರಿಹರದ ತನಕ ತುಳಿದಿದ್ದಾನೆ. ಸುಸ್ತಾಗಿದೆ. ಅಳಿಯ ಕಾರು ತಂದಿದ್ದಾನೆ. ಸೈಕಲ್ ಹಿಂದೆ ಕಟ್ಟಿ, ಮುಂದೆ ಕೂತು ಎಸಿ ಹಾಕಿಸಿಕೊಂಡಿದ್ದಾನೆ. ಜೇಬಿನಲ್ಲಿದ್ದ ಆ್ಯಪ್ ನಿಲ್ಲಿಸೋದು ಮರೆತಿದ್ದಾನೆ. ಮನೆಗೆ ಬಂದು ನೋಡಿದರೆ ಗಂಟೆಗೆ 80 ಕಿಲೋಮೀಟರ್, ಮೊದಲನೇ ಸ್ಥಾನ, ತಲೆ ಮೇಲೆ ಕಿರೀಟ. ಮನೆ ಬಾಗಿಲಿಗೆ ಬಂದ ಲಕ್ಷ್ಮಿಯನ್ನು ಯಾರಾದರೂ ಕಾಲಲ್ಲಿ ಒದೆಯುತ್ತಾರಾ?

ಸೈಕಲ್ ಹುಚ್ಚು ಹಿಡಿಯದ ಪುಣ್ಯವಂತರಿಗೆ ಎರಡು ಮಾತು. ಈ ಆ್ಯಪಿನಲ್ಲಿ ಸೆಗ್ಮೆಂಟ್ ಅಂತ ಒಂದಿದೆ. ಸವಾರರು ತಾವು ಹೋದ ದಾರಿಯಲ್ಲಿ ಇಲ್ಲಿಂದ ಅಲ್ಲಿಗೆ ಅಂತ ಗುರುತು ಹಾಕಿ, ಅದಕ್ಕೊಂದು ಹೆಸರಿಟ್ಟರೆ ಆಯಿತು. ಆ ರಸ್ತೆ ರೇಸಿನ ಟ್ರ್ಯಾಕ್ ಆಗಿಬಿಡುತ್ತದೆ. ಪಾಲಿಕೆಯ ಒಪ್ಪಿಗೆ ಬೇಡ, ಅರ್ಜಿ ಬೇಡ, ಟೇಬಲ್ಲಿನ ಕೆಳಗೆ ಏನೂ ಕೊಡುವುದು ಬೇಡ. ನಮ್ಮೂರಲ್ಲಿ ಇಷ್ಟು ಸಲೀಸಾಗಿ ಆಗುವ ಕೆಲಸ ಬಹುಶಃ ಇದೊಂದೇ. ಆಮೇಲೆ ಆ ದಾರಿಯಲ್ಲಿ ಆ್ಯಪ್ ಹಾಕಿಕೊಂಡು ಹೋದವರ ಟೈಮೆಲ್ಲ ಪಟ್ಟಿಯಲ್ಲಿ ಸೇರುತ್ತದೆ. ಎಲ್ಲರಿಗಿಂತ ಬೇಗ ದಾಟಿದವನು ಕೆಓಎಂ, ಅಂದರೆ ಗುಡ್ಡದ ರಾಜ. ಗುಡ್ಡ ಇರಲೇಬೇಕು ಅಂತೇನಿಲ್ಲ. ನಮ್ಮೂರಿನ ಪಿಬಿ ರಸ್ತೆಯಲ್ಲಿ, ಅಂದರೆ ಹಳೆ ಪುಣೆ-ಬೆಂಗಳೂರು ರಸ್ತೆಯಲ್ಲಿ, ದೀಪ ಹಿಡಿದು ಹುಡುಕಿದರೂ ಏರು ಸಿಗುವುದಿಲ್ಲ. ಆದರೂ ಅಲ್ಲಿ ಗುಡ್ಡದ ರಾಜರು ಇದ್ದಾರೆ.

1779ರಲ್ಲಿ ಹೈದರಾಲಿ ಚಿತ್ರದುರ್ಗದ ಕೋಟೆ ತೆಗೆದುಕೊಂಡ. ಅಲ್ಲಿಗೆ ನಮ್ಮ ಸೀಮೆಯ ಪಾಳೆಗಾರಿಕೆ ಮುಗಿಯಿತು ಅಂದುಕೊಂಡಿದ್ದೆವು. 1971ರಲ್ಲಿ ಇಂದಿರಾ ಗಾಂಧಿ ದೊಡ್ಡ ರಾಜರ ರಾಜಧನವನ್ನೂ ನಿಲ್ಲಿಸಿದರು. ಈಗ ನೋಡಿ, ಪಾಳೆಗಾರರೆಲ್ಲ ಲೈಕ್ರಾ ಚಡ್ಡಿ ಹಾಕಿಕೊಂಡು ವಾಪಸ್ ಬಂದಿದ್ದಾರೆ. ಒಬ್ಬೊಬ್ಬರದು ಎಂಟುನೂರು ಮೀಟರಿನ ರಾಜ್ಯ. ಮೂಡಣ ಗಡಿ ಪೆಟ್ರೋಲ್ ಬಂಕ್, ಪಡುವಣ ಗಡಿ ಕಲ್ಯಾಣ ಮಂಟಪ. ನಡುವೆ ಎರಡು ಹಂಪು, ಒಂದು ಬಾಯಿ ತೆರೆದ ಮ್ಯಾನ್‌ಹೋಲ್.

ನನಗೆ ಗೊತ್ತಿರುವ ಒಬ್ಬ ಹಲ್ಲಿನ ಡಾಕ್ಟರು ಇಂಥ ರಾಜ್ಯವೊಂದರ ದೊರೆ. ಅವರ ಕುರ್ಚಿಯಲ್ಲಿ ನಾನು ಬಾಯಿ ತೆರೆದು ಮಲಗಿದ್ದೆ. ಒಂದು ಕಡೆ ಹತ್ತಿ, ಇನ್ನೊಂದು ಕಡೆ ಎಂಜಲು ಎಳೆಯುವ ಪೈಪು. ಡ್ರಿಲ್ ಗುಂಯ್ ಅಂತಿತ್ತು. ಪಕ್ಕದಲ್ಲಿದ್ದ ಫೋನ್ ಟಣ್ ಅಂತು. ಡಾಕ್ಟರು ವಾರೆಗಣ್ಣಲ್ಲಿ ನೋಡಿದರು. ಡ್ರಿಲ್ ನಿಂತಿತು. ‘ಒಂದ್ನಿಮಿಷ’ ಅಂದು ಗ್ಲೌಸ್ ತೆಗೆದರು. ನಿಮ್ಮ ಪಟ್ಟ ಇನ್ಯಾರೋ ಹೊಡೆದುಕೊಂಡರು ಅಂತ ಆ್ಯಪಿನವರು ಮೇಲ್ ಕಳಿಸಿದ್ದರು. ಊರಿಗೆಲ್ಲ ಕ್ರೌನ್ ಹಾಕುವವರು, ತಮ್ಮದೇ ಕ್ರೌನ್ ಕಳೆದುಕೊಂಡು ನಿಂತಿದ್ದರು. ಎರಡು ಬೆರಳಲ್ಲಿ ಮ್ಯಾಪ್ ಹಿಗ್ಗಿಸಿದರು, ಕುಗ್ಗಿಸಿದರು. ‘ಎರಡೇ ಸೆಕೆಂಡು’ ಅಂತ ಗೊಣಗಿದರು. ನನ್ನ ಜೊಲ್ಲು ಕುತ್ತಿಗೆಗೆ ಇಳಿಯುತ್ತಿತ್ತು. ಆಮೇಲೆ ಏನೋ ಹೊಳೆದವರಂತೆ ನನ್ನ ಕಡೆ ತಿರುಗಿ, ‘ಅವತ್ತು ಗಾಳಿ ಇತ್ತು, ಅಲ್ವಾ?’ ಅಂದರು. ಬಾಯಲ್ಲಿ ಹತ್ತಿ ಇಟ್ಟುಕೊಂಡು ಹವಾಮಾನದ ಬಗ್ಗೆ ಏನು ಹೇಳಲಿ? ಆಂ ಅಂದೆ. ಅವರಿಗೆ ಅಷ್ಟೇ ಸಾಕಾಯಿತು.

ಗಾಳಿ ಅಂದಾಗ ನೆನಪಾಯಿತು. ನಮ್ಮ ಕಡೆ ಆಷಾಢದ ಗಾಳಿ ಎಂಥದ್ದು ಅಂತ ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಪಡುವಣದಿಂದ ಬೀಸುವ ಆ ಗಾಳಿ ದಾವಣಗೆರೆಯಿಂದ ದುರ್ಗಕ್ಕೆ ಹೊರಟವನ ಬೆನ್ನಿಗೆ ಕೈ ಹಾಕಿ ನೂಕುತ್ತದೆ. ಅರವತ್ತು ಕಿಲೋಮೀಟರಿನ ಹೆದ್ದಾರಿ ತಾನಾಗೇ ಹಿಂದೆ ಸರಿಯುತ್ತದೆ. ಮೊದಲೆಲ್ಲ ಆಷಾಢ ಅಂದರೆ ಶುಭ ಕಾರ್ಯ ಇಲ್ಲ. ಹೊಸ ಸೊಸೆ ತವರಿಗೆ ಹೋಗುತ್ತಾಳೆ, ಹೊಸ ಅಳಿಯ ಆಕಾಶ ನೋಡುತ್ತಾನೆ. ಈಗ ಆ ಅಳಿಯನೂ ಸೈಕಲ್ ಹತ್ತಿದ್ದಾನೆ. ಹೆಂಡತಿ ಊರಲ್ಲಿಲ್ಲ, ಗಾಳಿ ಬೆನ್ನಿಗಿದೆ, ಇನ್ನೇನು ಬೇಕು? ವರ್ಷದ ದಾಖಲೆಗಳೆಲ್ಲ ಈ ತಿಂಗಳಲ್ಲೇ ಬೀಳುತ್ತವೆ. ವಾಪಸ್ ಬರುವಾಗ ಅದೇ ಗಾಳಿ ಮುಖಕ್ಕೆ ಹೊಡೆಯುತ್ತದಲ್ಲ, ಅದಕ್ಕೆ ಬಸ್ಸು ಇದೆ. ದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಎರಡು ಲಕ್ಷದ ಕಾರ್ಬನ್ ಸೈಕಲ್ಲಿಗೆ ಲಗೇಜ್ ಚಾರ್ಜ್ ಜಾಸ್ತಿಯಾಯಿತು ಅಂತ ಕಂಡಕ್ಟರ್ ಹತ್ತಿರ ಚೌಕಾಸಿ ಮಾಡುವ ರಾಜರನ್ನು ನೋಡುವುದೇ ಒಂದು ಭಾಗ್ಯ. ಪಟ್ಟಿಯಲ್ಲಿ ಗಾಳಿಯ ಹೆಸರು ಮಾತ್ರ ಎಲ್ಲೂ ಇಲ್ಲ.

ದುರ್ಗದ ತನಕ ಬಂದೆವಲ್ಲ, ಕೋಟೆಯನ್ನೂ ನೋಡಿಕೊಂಡೇ ಹೋಗೋಣ. ಓಬವ್ವನ ಕಿಂಡಿಯ ಕಥೆ ನಮಗೆಲ್ಲ ಬಾಯಿಪಾಠ. ಆ ಕಿಂಡಿಯಲ್ಲಿ ಮೊಸರು ಮಾರುವವಳೊಬ್ಬಳು ಬಂದುಹೋಗುವುದನ್ನು ಹೈದರನ ಕಡೆಯವರು ಕಾದು ಕೂತು ಪತ್ತೆ ಮಾಡಿದರಂತೆ. ಬಿಸಿಲಲ್ಲಿ, ಬಂಡೆ ಸಂದಿಯಲ್ಲಿ, ಪಾಪ ಎಷ್ಟು ಕಷ್ಟ! ಇವತ್ತಾಗಿದ್ದರೆ ಮೊಸರಿನವಳ ಕೈಯಲ್ಲಿ ಸ್ಮಾರ್ಟ್ ವಾಚ್ ಇರುತ್ತಿತ್ತು. ‘ಮಾರ್ನಿಂಗ್ ವಾಕ್ ವಿತ್ ಮೊಸರು’ ಅಂತ ದಿನಾ ಅಪ್‌ಲೋಡ್ ಆಗುತ್ತಿತ್ತು. ಹೈದರಾಲಿ ಶ್ರೀರಂಗಪಟ್ಟಣದಲ್ಲಿ ಕಾಲು ಚಾಚಿಕೊಂಡು ಮ್ಯಾಪ್ ನೋಡುತ್ತಿದ್ದ. ಏಳು ಸುತ್ತಿನ ಕೋಟೆಯ ಗೋಡೆಯನ್ನು ಒಂದು ಕೆಂಪು ಗೆರೆ ತೂರಿಕೊಂಡು ಹೋಗಿರುವುದು ಕಾಣುತ್ತಿತ್ತು. ಕಾವಲುಗಾರ ಊಟಕ್ಕೆ ಮನೆಗೆ ಹೋಗುವ ಹೊತ್ತು ಕೂಡ ನಿಮಿಷದ ಲೆಕ್ಕದಲ್ಲಿ ಸಿಗುತ್ತಿತ್ತು.

ನಗಬೇಡಿ. 2018ರಲ್ಲಿ ಹೀಗೇ ಆಗಿದೆ. ಸ್ಟ್ರಾವಾದವರು ಜಗತ್ತಿನ ಓಟವನ್ನೆಲ್ಲ ಸೇರಿಸಿ ಒಂದು ಮ್ಯಾಪ್ ಬಿಟ್ಟಿದ್ದರು. ಅಫ್ಘಾನಿಸ್ತಾನ, ಸಿರಿಯಾದ ಮರಳುಗಾಡಿನಲ್ಲಿ ಅಮೆರಿಕದ ಸೈನಿಕರು ಜಾಗಿಂಗ್ ಮಾಡಿದ ದಾರಿ ಹೊಳೆಯುತ್ತಿತ್ತು. ಸೇನಾ ನೆಲೆಗಳ ಗಡಿ ಕೈಯಲ್ಲಿ ಬಿಡಿಸಿಕೊಟ್ಟ ಹಾಗಿತ್ತು. 2024ರಲ್ಲಿ ಫ್ರಾನ್ಸ್ ಅಧ್ಯಕ್ಷರ ಅಂಗರಕ್ಷಕರದೂ ಇದೇ ಕಥೆ. ಸಾಹೇಬರು ಎಲ್ಲಿ ಇಳಿದುಕೊಳ್ಳುತ್ತಾರೆ ಅನ್ನೋದು ಅಂಗರಕ್ಷಕರ ಓಟದಿಂದ ಪತ್ರಿಕೆಯವರಿಗೆ ಗೊತ್ತಾಯಿತು. ನಮ್ಮ ಚಳ್ಳಕೆರೆಯ ಹುಲ್ಲುಗಾವಲಿನಲ್ಲಿ ರಕ್ಷಣಾ ಸಂಶೋಧನೆಯ ಡಿಆರ್‌ಡಿಓದವರ ಪರೀಕ್ಷಾ ನೆಲೆ ಇದೆ. ಅಲ್ಲಿನ ಯಾರಿಗಾದರೂ ಕಾಂಪೌಂಡ್ ಸುತ್ತ ಗುಡ್ಡದ ರಾಜ ಆಗುವ ಆಸೆ ಹುಟ್ಟದಿರಲಿ ಅಂತ ನಾಯಕನಹಟ್ಟಿ ತಿಪ್ಪೇಸ್ವಾಮಿಗೆ ಹರಕೆ ಹೊತ್ತಿದ್ದೇನೆ.

ತುಳಿಯಲು ಆಗದವರಿಗೂ ದಾರಿ ಉಂಟು. ಇಂಡೋನೇಷ್ಯಾದಲ್ಲಿ 2024ರಲ್ಲಿ ಬಾಡಿಗೆ ಕಾಲುಗಳ ವ್ಯಾಪಾರ ಶುರುವಾಯಿತು. ದುಡ್ಡು ಕೊಟ್ಟರೆ ಹುಡುಗರು ನಿಮ್ಮ ಅಕೌಂಟ್ ಹಾಕಿಕೊಂಡು ಓಡುತ್ತಾರೆ. ನೀವು ಮಲಗಿರಿ, ಕುಡೋಸ್, ಅಂದರೆ ಆ್ಯಪಿನ ಶಭಾಷ್‌ಗಿರಿ, ಬರುತ್ತಾ ಇರುತ್ತದೆ. ಅಲ್ಲಿಯವರು ಇದನ್ನು ಕೇಳಿ ಹುಬ್ಬೇರಿಸಿದರಂತೆ. ನಮಗೇನು ಹೊಸದು? ದೇವಸ್ಥಾನದಲ್ಲಿ ಹೆಸರು, ನಕ್ಷತ್ರ, ಗೋತ್ರ ಬರೆಸಿ ರಸೀದಿ ಹರಿಸಿಕೊಂಡು ಬಂದರೆ ಪೂಜೆ ನಮ್ಮ ಹೆಸರಲ್ಲೇ ನಡೆಯುತ್ತದೆ, ಪ್ರಸಾದ ಪೋಸ್ಟಿನಲ್ಲಿ ಬರುತ್ತದೆ. ದುರ್ಗದ ಜೋಗಿಮಟ್ಟಿ ಗುಡ್ಡದ ಏರಿಗೂ ಹಾಗೇ ಒಂದು ಕೌಂಟರ್ ತೆರೆಯಬಹುದು. ಸಾಧಾರಣ ಏರಿಕೆಗೆ ಇಷ್ಟು, ವಿಶೇಷ ಏರಿಕೆಗೆ ಇಷ್ಟು, ಆಷಾಢದಲ್ಲಿ ರಿಯಾಯಿತಿ.

ಇಷ್ಟರ ತನಕ ತಮಾಷೆ. ತಲೆ ಕೆಡುವುದು ಮುಂದಿನ ವಿಷಯಕ್ಕೆ.

ಈ ಆ್ಯಪಿನಲ್ಲಿ ಎರಡು ಗಡಿಯಾರ. ಒಟ್ಟು ರೈಡಿಗೆ ಮೂವಿಂಗ್ ಟೈಮ್ ಅಂತ ತೋರಿಸುತ್ತದೆ. ಟೀ ಕುಡಿಯಲು ನಿಂತದ್ದು ಅದರಲ್ಲಿ ಬರುವುದಿಲ್ಲ. ಸೆಗ್ಮೆಂಟಿನಲ್ಲಿ ಹಾಗಲ್ಲ. ಅಲ್ಲಿ ಎಲಾಪ್ಸ್ಡ್ ಟೈಮ್. ಶುರುವಿನ ಗುರುತು ದಾಟಿದ ಮೇಲೆ ಕೊನೆಯ ಗುರುತು ಮುಟ್ಟುವ ತನಕ ಗಡಿಯಾರ ನಿಲ್ಲುವುದಿಲ್ಲ. ಸಿಗ್ನಲ್ ಬಿತ್ತು, ಸ್ಕೂಲ್ ಮಕ್ಕಳು ಅಡ್ಡ ಬಂದರು, ಎಮ್ಮೆ ಬಂತು ಅಂತ ನಿಂತಿರೋ, ಪಟ್ಟ ಹೋಯಿತು. ಅಂದರೆ ಕೆಂಪು ದೀಪದಲ್ಲಿ ನಿಂತವನಿಗೆ ದಂಡ, ನುಗ್ಗಿದವನಿಗೆ ಕಿರೀಟ. ಇಂಥ ನಿಯಮವನ್ನು ಯಾವ ಆರ್‌ಟಿಓ ಕೂಡ ಮಾಡಿಲ್ಲ.

ವಿಚಿತ್ರ ಅಂದರೆ ಕಾಯುವುದರಲ್ಲಿ ನಮ್ಮೂರವರನ್ನು ಮೀರಿಸಿದವರಿಲ್ಲ. ಭಾನುವಾರ ಒಂದು ಖಾಲಿ ದೋಸೆಗೆ ಮುಕ್ಕಾಲು ಗಂಟೆ ಇನ್ನೊಬ್ಬರ ಎಲೆ ನೋಡಿಕೊಂಡು ನಿಲ್ಲುತ್ತಾರೆ. ಅಶೋಕ ರಸ್ತೆಯ ರೈಲ್ವೆ ಗೇಟಿನ ಮುಂದೆ ನಿಂತೂ ನಿಂತೂ ಒಂದು ತಲೆಮಾರಿನ ಕೂದಲು ನೆರೆಯಿತು. ಎಲಾಪ್ಸ್ಡ್ ಟೈಮ್ ಅಂದರೆ ಏನು ಅಂತ ನಮಗೆ ಆ್ಯಪ್ ಹೇಳಿಕೊಡಬೇಕಾ? ತುಮಕೂರಿನಿಂದ ದುರ್ಗದ ಮೇಲೆ ದಾವಣಗೆರೆಗೆ ನೇರ ರೈಲು ಮಾರ್ಗ, 191 ಕಿಲೋಮೀಟರ್, 2011-12ರಲ್ಲಿ ಮಂಜೂರಾಯಿತು. ಹತ್ತು ವರ್ಷ ದಾಟಿದರೂ ರೈಲು ಬರಲಿಲ್ಲ. ಆ ಸೆಗ್ಮೆಂಟಿನಲ್ಲಿ ಗಡಿಯಾರ ಓಡಿದ್ದೇ ಓಡಿದ್ದು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲೇ ನಮ್ಮ ಹೆಸರು ಬಂತು. 2025ರ ಮಾರ್ಚ್ 31ಕ್ಕೆ ಯೋಜನೆಗೇ ಬಾಗಿಲು ಹಾಕಿದರು. ಮೂವಿಂಗ್ ಟೈಮ್ ಎಷ್ಟು ಅಂತ ಅಗೆದು ಮುಚ್ಚಿ ಮತ್ತೆ ಅಗೆದ ರಸ್ತೆಗಳನ್ನು ಕೇಳಿ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಅಂದರು. ಪಟಾಕಿ ಹೊಡೆದೆವು. ಆಮೇಲೆ ದುಡ್ಡಿನ ದಾರಿ ಕಾದೆವು. ಇಷ್ಟೆಲ್ಲ ಕಾದು ಪಳಗಿದ ಜನಕ್ಕೆ ಸಿಗ್ನಲ್ಲಿನ ನಲವತ್ತು ಸೆಕೆಂಡು ಮಾತ್ರ ಯಾಕೆ ಆಗುವುದಿಲ್ಲವೋ!

ಕುಂದುವಾಡ ಕೆರೆ ಏರಿ ಮೇಲೆ ಬೆಳಿಗ್ಗೆ ಯಾರು ಓಡಾಡುತ್ತಾರೆ? ಮಂಡಿ ನೋವಿನವರು, ಶುಗರ್ ಇದ್ದವರು, ಹೂವು ಕಿತ್ತುಕೊಂಡು ಮನೆಗೆ ಹೋಗುವ ಅಜ್ಜಿಯರು. ಅಲ್ಲೇ ‘ಸೈಡ್ ಸೈಡ್’ ಅಂತ ಕಿರುಚಿಕೊಂಡು ಬಂದ ಒಬ್ಬ ಯುವಕನ ಹ್ಯಾಂಡಲ್ ಅಜ್ಜಿಯೊಬ್ಬರ ಕೈಗೆ ತಗುಲಿತು. ಪ್ಲಾಸ್ಟಿಕ್ ಕವರ್ ಹರಿದು ಕಣಗಿಲೆ ಹೂವು ಚೆಲ್ಲಿತು. ಆಕೆ ಬೀಳಲಿಲ್ಲ, ಪುಣ್ಯ. ಅವನು ಹತ್ತು ಮಾರು ಮುಂದೆ ಹೋಗಿ ಕಾಲೂರಿದ. ಮೊದಲು ನೋಡಿದ್ದು ಅಜ್ಜಿಯನ್ನಲ್ಲ, ಮಣಿಕಟ್ಟಿನ ಗಡಿಯಾರವನ್ನು. ಛೇ ಅಂದ. ಆ ಛೇ ಯಾವುದಕ್ಕೆ ಅಂತ ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು.

ಇದಕ್ಕೆ ಏನು ವಿಡಂಬನೆ ಬರೆಯಲಿ? ಸಾಕಾಗಿದೆ. ರಸ್ತೆ ಗುಂಡಿ ಬಿದ್ದಿದೆ ಅಂತ ಪಾಲಿಕೆಗೆ ಒಂದು ಕಾಗದ ಬರೆಯಲು ಇವರಿಗೆ ಪುರುಸೊತ್ತಿಲ್ಲ. ಹಾಲಿನವನು, ಪೇಪರ್ ಹುಡುಗ ಕತ್ತಲಲ್ಲಿ ಅದೇ ಗುಂಡಿಗೆ ಬಿದ್ದರೆ ಇವರ ಗ್ರೂಪಿನಲ್ಲಿ ಒಂದು ಮಾತಿಲ್ಲ. ಆದರೆ ಎರಡು ಸೆಕೆಂಡ್ ಹೋದರೆ ಮೂರು ದಿನ ಚರ್ಚೆ. 2010ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕಳೆದುಹೋದ ಪಟ್ಟವನ್ನು ವಾಪಸ್ ಪಡೆಯಲು ಇಳಿಜಾರಿನಲ್ಲಿ ನುಗ್ಗಿದ ಒಬ್ಬ ಸವಾರ ಕಾರಿಗೆ ಬಡಿದು ಸತ್ತ. ಮನೆಯವರು ಕಂಪ್ನಿ ಮೇಲೆ ಕೇಸು ಹಾಕಿದರು. ಸೈಕಲ್ ಹೊಡೆಯುವುದರಲ್ಲಿ ಅಪಾಯ ಇದ್ದದ್ದೇ ಅಂತ 2013ರಲ್ಲಿ ಕೋರ್ಟು ಕೇಸನ್ನು ವಜಾ ಮಾಡಿತು. ಸತ್ತವನದು ಅವನ ಇಷ್ಟ ಅಂತಲೇ ಇಟ್ಟುಕೊಳ್ಳೋಣ. ಕೆರೆ ಏರಿ ಮೇಲಿನ ಅಜ್ಜಿ ಯಾವ ರೇಸಿಗೆ ಹೆಸರು ಕೊಟ್ಟಿದ್ದಳು?

ಆ್ಯಪಿನಲ್ಲೇ ಇದಕ್ಕೊಂದು ಮದ್ದಿದೆ. ಇಂಥ ಸೆಗ್ಮೆಂಟ್ ಅಪಾಯಕಾರಿ ಅಂತ ಸವಾರರೇ ಗುರುತು ಹಾಕಬಹುದು. ಹಾಕಿದರೆ ಅಲ್ಲಿ ಪಟ್ಟಿಯೂ ಇಲ್ಲ, ಪಟ್ಟವೂ ಇಲ್ಲ. ಒಂದು ನಿಮಿಷದ ಕೆಲಸ. ಕೆರೆ ಏರಿಗೆ ಯಾರಾದರೂ ಆ ಗುರುತು ಹಾಕಿ ಅಂತ ನಮ್ಮೂರ ಸೈಕಲ್ ಗ್ರೂಪಿನಲ್ಲಿ ಕೇಳಿದೆ. ಎಲ್ಲರೂ ಓದಿದ್ದಾರೆ ಅಂತ ನೀಲಿ ಗೆರೆ ತೋರಿಸುತ್ತಿತ್ತು. ಇಬ್ಬರು ಕೈ ಮುಗಿದ ಚಿತ್ರ ಕಳಿಸಿದರು. ರಾತ್ರಿ ನಮ್ಮ ಹಲ್ಲಿನ ಡಾಕ್ಟರೇ ಉತ್ತರ ಕೊಟ್ಟರು: ‘ಖಂಡಿತ ಹಾಕೋಣ ಸಾರ್. ಈ ಭಾನುವಾರ ಒಂದು ಆಗಿಬಿಡಲಿ. ಗಾಳಿ ಚೆನ್ನಾಗಿದೆ ಅಂತಿದ್ದಾರೆ.’