ಹೌದೇನು?

ಮೊನ್ನೆ ಮಧ್ಯಾಹ್ನ ಬಿಸಿ ರೊಟ್ಟಿಯನ್ನು ಮುರಿಯುತ್ತ, "ಅವ್ವ, ಈ ಜೋಳ ನಮ್ಮದಲ್ಲ, ಆಫ್ರಿಕಾದ್ದು" ಎಂದೆ. ಅವ್ವ ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರುತ್ತಿದ್ದಳು. ತಿರುಗಿ ಕೂಡ ನೋಡಲಿಲ್ಲ. "ಅಲ್ಲ, ನಮ್ಮ ಹೊಲದ್ದು. ತಿನ್ನು, ಆರುತ್ತದೆ" ಎಂದಳು.

ಅಷ್ಟಕ್ಕೇ ಬಿಡುವವನು ನಾನಲ್ಲ. ಸುಡಾನಿನ ಕಡೆಯ ಜನ ಐದು ಸಾವಿರ ವರ್ಷಗಳ ಹಿಂದೆಯೇ ಒಂದು ಕಾಡುಹುಲ್ಲನ್ನು ಪಳಗಿಸಿ ಜೋಳ ಮಾಡಿಕೊಂಡದ್ದು, ಅದು ಆಮೇಲೆ ನಮ್ಮ ಕಡೆ ಬಂದು ವಿಜಯಪುರದ ಎರೆಮಣ್ಣಿಗೆ ಒಗ್ಗಿಕೊಂಡದ್ದು, ಎಲ್ಲವನ್ನೂ ಹೇಳಿದೆ. ಬಾಯಿಗೆ ಬಂದ ಮಾತು ನಿಲ್ಲದೆ ತಾಟಿನ ತನಿಖೆಗೇ ಇಳಿಯಿತು. ಗುರೆಳ್ಳು ಹಿಂಡಿ ಇತ್ತು: ಗುರೆಳ್ಳಿನ ತವರು ಇಥಿಯೋಪಿಯಾ. ಸಂಕ್ರಾಂತಿಗೆ ಎಳ್ಳು ಹಚ್ಚಿ ಬಡಿಯುವ ಸಜ್ಜೆ ರೊಟ್ಟಿಯ ಸಜ್ಜೆಯೂ ಆಫ್ರಿಕಾದ್ದೇ. ಮೆಣಸಿನಕಾಯಿ ಅಮೆರಿಕಾ ಖಂಡದ್ದು, ಪೋರ್ಚುಗೀಸರ ಹಡಗು ಹತ್ತಿ ಬಂದದ್ದು. ಅದು ಬರುವ ಮೊದಲು ನಮ್ಮವರು ಖಾರಕ್ಕೆ ಕರಿಮೆಣಸನ್ನೇ ನಂಬಿದ್ದರು. ಶೇಂಗಾ ದಕ್ಷಿಣ ಅಮೆರಿಕಾದ್ದು. ಅದರ ನಡತೆಯೂ ವಿಚಿತ್ರ: ಹೂವನ್ನು ಎಲ್ಲರಿಗೂ ಕಾಣುವಂತೆ ಮೇಲೆ ಬಿಡುತ್ತದೆ, ಹೂ ಬಾಡಿದ ಮೇಲೆ ಅದರ ಬುಡದಿಂದ ಒಂದು ಮೊನೆ ಹೊರಟು ಬಾಗಿ ಮಣ್ಣಿಗಿಳಿಯುತ್ತದೆ, ಕಾಯಿ ಕಟ್ಟುವ ಕೆಲಸವನ್ನು ಕತ್ತಲಲ್ಲೇ ಮುಗಿಸುತ್ತದೆ. ಎಣ್ಣೆಗಾಯಿಯ ಬದನೆಯೊಂದು ಮಾತ್ರ ನಮ್ಮ ಏಷ್ಯಾದ ನೆಲದಲ್ಲೇ ಪಳಗಿದ್ದು. ಆದರೆ ಅದರ ಹೊಟ್ಟೆ ಸೀಳಿ ತುಂಬಿದ್ದೆಲ್ಲ ಪರದೇಶಿ.

ಹುಣಸೆಹಣ್ಣಿನ ಕತೆಗೆ ನಾನು ವಿಶೇಷವಾಗಿ ಗಂಟಲು ಸರಿಮಾಡಿಕೊಂಡೆ. ಅದರ ಮೂಲ ಆಫ್ರಿಕಾ. ಅರಬರು ಅದನ್ನು 'ತಮರ್ ಹಿಂದಿ', ಅಂದರೆ ಹಿಂದೂಸ್ತಾನದ ಖರ್ಜೂರ ಎಂದು ಕರೆದರು. ಇಂಗ್ಲಿಷರ ಟ್ಯಾಮರಿಂಡ್ ಹುಟ್ಟಿದ್ದು ಅದರಿಂದಲೇ. ಸಸ್ಯಶಾಸ್ತ್ರಜ್ಞರು ಅದರ ಹಿಂದೆ 'ಇಂಡಿಕಾ' ಎಂದೂ ಸೇರಿಸಿದರು. ಹೊರಗಿನಿಂದ ಬಂದ ಮರಕ್ಕೆ ಹೆಸರಿನಲ್ಲಿ ಎರಡು ಸಲ ನಮ್ಮ ದೇಶದ ಮುದ್ರೆ ಬಿದ್ದಿದೆ.

ಅವ್ವ ಈಗ ತಿರುಗಿ ಕುಳಿತಳು. "ಜೋಳ ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು?"

"ಮೂರು ಸಾವಿರಕ್ಕಿಂತ ಹೆಚ್ಚು."

"ನಾನು ಇಳಕಲ್ಲಿನಿಂದ ಈ ಮನೆಗೆ ಬಂದು ನಲವತ್ತೆಂಟು ವರ್ಷವಾಯಿತು. ಓಣಿಯಲ್ಲಿ ಈಗಲೂ ನನ್ನನ್ನು ಇಳಕಲ್ಲಿನವಳು ಎನ್ನುತ್ತಾರೆ. ಪಾಪ, ಆ ಜೋಳವನ್ನಾದರೂ ಇಲ್ಲಿಯದು ಅನ್ನು."

ನನಗೆ ಬೇಕಾಗಿದ್ದ ಮಾತು ಇದಲ್ಲ. ಇಂಥ ಸಂಗತಿಗಳನ್ನು ಕೂಡಿಡುವವನಿಗೆ ಬೇಕಾದದ್ದು ಒಂದೇ ಒಂದು ಶಬ್ದ: "ಹೌದೇನು?" ಹುಬ್ಬು ಸ್ವಲ್ಪ ಮೇಲೇರಬೇಕು, ಕೈಯಲ್ಲಿನ ತುತ್ತು ಅರ್ಧ ದಾರಿಯಲ್ಲಿ ನಿಲ್ಲಬೇಕು. ಬರಿಯ "ಹೌದು" ಎಂದರೆ ಅವರಿಗೆ ಮೊದಲೇ ಗೊತ್ತಿತ್ತು ಎಂದರ್ಥ. "ಇರಬಹುದು" ಎಂದರೆ ಬೇಗ ಮುಗಿಸು ಎಂದರ್ಥ. ನನ್ನ ಹೆಂಡತಿ "ಹೂಂ" ಎನ್ನುತ್ತಾಳೆ. ಅದಕ್ಕೆ ಅರ್ಥ ಬರೆಯುವ ಧೈರ್ಯ ನನಗಿಲ್ಲ.

ಮನೆಯಲ್ಲಿ ನನಗೆ ದೊಡ್ಡ ತೊಡಕೆಂದರೆ, ನಾನು ಓದಿ ತಂದ ಬೆರಗು ಅವ್ವನಿಗೆ ದಿನದ ಕೆಲಸವಾಗಿರುತ್ತದೆ. ಖಾರ ಎಂಬುದು ರುಚಿಯೇ ಅಲ್ಲ, ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ನಮ್ಮ ನಾಲಗೆಯಲ್ಲಿ ಬಿಸಿಯನ್ನು ಅರಿಯುವ ನರಗಳನ್ನೇ ಮೋಸಗೊಳಿಸುತ್ತದೆ, ಅದು ನೀರಿನಲ್ಲಿ ಕರಗುವುದಿಲ್ಲ, ಆದ್ದರಿಂದ ನೀರು ಕುಡಿದರೆ ಉಪಯೋಗವಿಲ್ಲ ಎಂದು ವಿವರಿಸುವಷ್ಟರಲ್ಲಿ ಅವ್ವ ಮಜ್ಜಿಗೆಯ ಲೋಟವನ್ನು ಮುಂದಿಟ್ಟಿರುತ್ತಾಳೆ. ಒಮ್ಮೆ ನನ್ನ ಬಿಳಿ ಅಂಗಿಗೆ ಅರಿಶಿಣದ ಕಲೆಯಾಗಿತ್ತು. ಸಾಬೂನು ಹಚ್ಚಿದೊಡನೆ ಕಲೆ ಕೆಂಪಗಾಯಿತು. ಮಗಳು ರಕ್ತವೆಂದು ಕೂಗಿಕೊಂಡಳು. ಕ್ಷಾರ ತಗುಲಿದರೆ ಅರಿಶಿಣ ಕೆಂಪಾಗುತ್ತದೆ, ಹುಳಿ ತಗುಲಿದರೆ ಮತ್ತೆ ಹಳದಿಯಾಗುತ್ತದೆ ಎಂದು ಹೇಳಿ, ಇಂಡಿ ಊರಿನ ನಿಂಬೆಹಣ್ಣೊಂದನ್ನು ಹಿಂಡಿ ತೋರಿಸಿ, ಜಾದೂಗಾರನಂತೆ ನಿಂತೆ. ಅವ್ವ ಹೇಳಿದ್ದು ಇಷ್ಟೇ: "ಅರಿಶಿಣಕ್ಕೆ ಸುಣ್ಣ ಕೂಡಿಸಿದರೆ ಆರತಿಯ ನೀರು ಕೆಂಪಾಗುವುದಿಲ್ಲವೇ? ಅದಕ್ಕೆ ಒಳ್ಳೆಯ ನಿಂಬೆಹಣ್ಣನ್ನು ಏಕೆ ಕೆಡಿಸಿದೆ?"

ಹಕ್ಕಿಗಳ ಸಂಗತಿಯೊಂದು ಮಾತ್ರ ಮಗಳ ಬಾಯಿಂದ "ಹೌದೇನು" ತರಿಸಿತು. ಹಕ್ಕಿಗಳಿಗೆ ಮೆಣಸಿನಕಾಯಿ ಖಾರವೆನಿಸುವುದಿಲ್ಲ. ನಮ್ಮಂಥ ಪ್ರಾಣಿಗಳು ದವಡೆಯಲ್ಲಿ ಬೀಜವನ್ನು ಅರೆದುಬಿಡುತ್ತೇವೆ, ಹಕ್ಕಿ ಇಡಿಯಾಗಿ ನುಂಗಿ ದೂರದಲ್ಲಿ ಉದುರಿಸುತ್ತದೆ. ಅಂದರೆ ಖಾರವೆಂಬುದು ಬೀಜ ಕೆಡಿಸುವವರನ್ನು ದೂರವಿಡಲು ಗಿಡ ಹಾಕಿಕೊಂಡ ಬೇಲಿ. ಆ ಬೇಲಿಯನ್ನೇ ಕುಟ್ಟಿ ಪುಡಿಮಾಡಿ ಡಬ್ಬಿಯಲ್ಲಿ ತುಂಬಿಟ್ಟುಕೊಂಡವರು ನಾವು.

ತಪ್ಪುಗಳನ್ನೂ ಹಂಚಿದ್ದೇನೆ, ಮುಚ್ಚಿಡುವುದೇಕೆ? ಚೀನಾದ ಮಹಾಗೋಡೆ ಚಂದ್ರನಿಂದ ಕಾಣುತ್ತದೆ ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದೆ. ಎಲ್ಲರೂ ಬೆರಗಾದರು. ಅದು ಸುಳ್ಳೆಂದು ತಿಳಿದ ಮೇಲೆ ಪ್ರಾಮಾಣಿಕನಾಗಿ ಒಬ್ಬೊಬ್ಬರಿಗೂ ಮತ್ತೆ ಹೇಳಹೋದೆ. ತಿದ್ದುಪಡಿಗೆ ಯಾರೂ ಹುಬ್ಬೇರಿಸಲಿಲ್ಲ. ಗೋಡೆ ಕಾಣುತ್ತದೆ ಎಂದಾಗ ಚಹಾ ಕುಡಿಸಿದವರು, ಕಾಣುವುದಿಲ್ಲ ಎಂದಾಗ ಗಡಿಯಾರ ನೋಡಿಕೊಂಡರು.

ಗೋಳಗುಮ್ಮಟದ ವಿಷಯದಲ್ಲಂತೂ ಮನೆಯೇ ಎರಡಾಗುವುದರಲ್ಲಿತ್ತು. ನಮ್ಮ ಕಾಕಾ ನಿವೃತ್ತರಾದ ಮೇಲೆ ದಿನವೂ ಬೆಳಿಗ್ಗೆ ಆ ಕಡೆಯೇ ತಿರುಗಾಡಲು ಹೋಗುತ್ತಾರೆ. ನೆಂಟರು ಬಂದರೆ ಚಹಾಕ್ಕಿಂತ ಮೊದಲು ಗುಮ್ಮಟ ತೋರಿಸುತ್ತಾರೆ. ಜಗತ್ತಿನಲ್ಲೇ ಎರಡನೆಯ ದೊಡ್ಡ ಗುಮ್ಮಟ ಎಂಬುದು ಅವರ ಖಾಯಂ ವಾಕ್ಯ. ನಾವೆಲ್ಲ ಶಾಲೆಯಲ್ಲಿ ಬರೆದು ಅಂಕ ಪಡೆದದ್ದೂ ಅದನ್ನೇ. ಒಂದು ಸಂಜೆ ನಾನು ಮೆಲ್ಲಗೆ ಹೇಳಿದೆ: "ಕಾಕಾ, ನಮ್ಮ ಗುಮ್ಮಟದ ಹೊರ ಅಳತೆ ಸುಮಾರು 44 ಮೀಟರ್, ಸರಿ. ಆದರೆ ಒಳಗಿನ ಅಡ್ಡಳತೆ 38 ಮೀಟರ್ ಮಾತ್ರ. ರೋಮಿನ ಪ್ಯಾಂಥಿಯನ್ನಿನ ಒಳ ಅಳತೆಯೇ 43 ಮೀಟರ್. ಅದು ನಮ್ಮದಕ್ಕಿಂತ ಒಂದೂವರೆ ಸಾವಿರ ವರ್ಷ ಹಳೆಯದು. ಸಂತ ಪೀಟರರ ಇಗರ್ಜಿಯದೂ ನಮ್ಮದಕ್ಕಿಂತ ದೊಡ್ಡದು. ಈಗಿನ ಕ್ರೀಡಾಂಗಣಗಳ ಮಾತನ್ನಂತೂ ಬಿಟ್ಟುಬಿಡಿ."

ಕಾಕಾ ಬಸಿಯಲ್ಲಿದ್ದ ಚಹಾವನ್ನು ಮುಗಿಸಲಿಲ್ಲ. ಎರಡು ದಿನ ನಮ್ಮ ಮನೆಯ ಕಡೆ ಬರಲೂ ಇಲ್ಲ. "ಅಳತೆ ತಪ್ಪಿದ್ದು ಗುಮ್ಮಟದ್ದಲ್ಲ, ನಿನ್ನ ಬಾಯಿಯದು" ಎಂದಳು ಅವ್ವ. ನನಗೂ ಕೆಡುಕೆನಿಸಿತು. ಮತ್ತೆ ಪುಸ್ತಕ ತೆರೆದು ಕುಳಿತೆ. ಸಮಾಧಾನ ಸಿಕ್ಕಿತು. ಗುಮ್ಮಟದ ಕೆಳಗಿನ ಕೋಣೆ ಒಂದೊಂದು ಬದಿಗೆ 135 ಅಡಿಯ ಚೌಕ, ಒಟ್ಟು 18,225 ಚದರಡಿ, ನಡುವೆ ಒಂದು ಕಂಬವೂ ಇಲ್ಲ. ಪ್ಯಾಂಥಿಯನ್ನಿನ ನೆಲ 16,000 ಚದರಡಿಯನ್ನೂ ಮುಟ್ಟುವುದಿಲ್ಲ. ಚೌಕದ ಕೋಣೆಯ ಮೇಲೆ ದುಂಡು ಗುಮ್ಮಟ ಕೂರಿಸಲು ಒಂದನ್ನೊಂದು ಹಾಯುವ ಕಮಾನುಗಳನ್ನು ಕಟ್ಟಿದ್ದಾರೆ. ಅವು ಮೇಲೇರುತ್ತ ಒಳಕ್ಕೆ ಬಾಗಿ ಜಾಗವನ್ನು ಕಿರಿದು ಮಾಡುವುದರಿಂದ ನೆಲಕ್ಕಿಂತ ಗುಮ್ಮಟ ಚಿಕ್ಕದಾಗಿದೆ. ಸೋತದ್ದು ಮೇಲೆ, ಗೆದ್ದದ್ದು ಕೆಳಗೆ. ಇದನ್ನು ಹೊತ್ತುಕೊಂಡು ಕಾಕಾನ ಮನೆಗೆ ಓಡಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಹೌದೇನು?" ಎಂದರು. ಅಂಥ ಹೌದೇನು ನನ್ನ ಜೀವಮಾನದಲ್ಲಿ ನಾಲ್ಕೈದು ಸಲ ಸಿಕ್ಕಿರಬಹುದು. ಮೇಲಿನ ಪಿಸುಮಾತಿನ ಗ್ಯಾಲರಿ ನಾವಾಡಿದ್ದನ್ನು ಆಡಿದಂತೆಯೇ ಮರಳಿಸುತ್ತದೆ. ಕಾಕಾನ ಬಾಯಲ್ಲಿ ಮಾತ್ರ ಆ ಹದಿನೆಂಟು ಸಾವಿರ ಈಗಾಗಲೇ ಇಪ್ಪತ್ತೆರಡು ಸಾವಿರವಾಗಿದೆ.

ಸಂತೋಷದಲ್ಲಿ ಅವರೂ ನನಗೊಂದು ಕೊಟ್ಟರು. ಐವತ್ತು ಟನ್ನು ಮೀರಿ ತೂಗುವ ಮಲಿಕ್-ಎ-ಮೈದಾನ್ ತೋಪನ್ನು 1854ರಲ್ಲಿ ಹರಾಜಿಗಿಟ್ಟಾಗ 150 ರೂಪಾಯಿಗೆ ಕೂಗಿದ್ದರಂತೆ, ಆಮೇಲೆ ಹರಾಜನ್ನೇ ರದ್ದು ಮಾಡಿದರಂತೆ. ಹುಡುಕಿ ನೋಡಿದೆ, ನಿಜ. "ನಮ್ಮ ಮುತ್ತಜ್ಜ ಅಷ್ಟು ದುಡ್ಡು ಹಾಕಬಹುದಿತ್ತು" ಎಂದು ಕಾಕಾ ನಿಟ್ಟುಸಿರು ಬಿಟ್ಟರು. "ತಂದು ಎಲ್ಲಿ ಇಡುತ್ತಿದ್ದಿರಿ? ಹಿತ್ತಿಲಲ್ಲಿ ನನ್ನ ಸಗಣಿಕುಳ್ಳಿಗೇ ಜಾಗವಿಲ್ಲ" ಎಂದಳು ಅವ್ವ.

ಮೊನ್ನೆಯ ಊಟಕ್ಕೆ ಮರಳುತ್ತೇನೆ. ಜೋಳಕ್ಕೆ ಅವ್ವ ಪೌರತ್ವ ಕೊಟ್ಟ ಮೇಲೆ ನಾನು ಕೈ ತೊಳೆದು, ಚಿಕ್ಕಂದಿನಿಂದ ಬಂದ ಚಾಳಿಯಂತೆ ಅವಳ ಸೆರಗಿಗೇ ಒರೆಸಿಕೊಂಡೆ. ಮದುವೆಯಾಗಿ ಮಗಳಿರುವವನು ಹೀಗೆ ಮಾಡುವುದು ಹೆಂಡತಿಗೆ ಸೇರುವುದಿಲ್ಲ. ಅವ್ವ ಕೈಯನ್ನು ಹಿಡಿದುಕೊಂಡಳು.

"ಇಷ್ಟು ವರ್ಷ ಒರೆಸಿಕೊಂಡೆಯಲ್ಲ, ಈ ಸೆರಗು ಸೀರೆಗೆ ಹೇಗೆ ಕೂಡಿದೆ ಗೊತ್ತೇ?"

"ಕೂಡುವುದೇನು, ಒಂದೇ ಬಟ್ಟೆಯಲ್ಲವೇ?"

"ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳೇ ಹಾಸು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯ ನೂಲು, ಸೆರಗು ರೇಷ್ಮೆ. ಮಗ್ಗದ ಮೇಲೆ ಎರಡರ ಎಳೆಗಳನ್ನೂ ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ಹೊಲಿಗೆಯಲ್ಲ. ಅದಕ್ಕೇ ಒಂದು ಸೀರೆಗೆ ಒಂದೇ ಹಾಸು. ಹತ್ತು ಸೀರೆಯ ಹಾಸು ಹೂಡಿ, ನೇಯ್ದು, ಕತ್ತರಿಸಿ ಕೊಡಲು ಬರುವುದಿಲ್ಲ."

ಸೆರಗನ್ನು ಬೆಳಕಿಗೆ ಹಿಡಿದು ತೋರಿಸಿದಳು. ಕಪ್ಪು ಮುಗಿದು ಕೆಂಪು ಹುಟ್ಟುವ ಅಂಚಿನಲ್ಲಿ, ಬೆರಳಿಗೆ ಮಾತ್ರ ತಿಳಿಯುವಷ್ಟು ಸಣ್ಣದಾಗಿ, ಸಾಲಾಗಿ ಕೊಂಡಿಗಳು.

"ಹೌದೇನು?" ಎಂದೆ.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಅವ್ವ ಆಗಲೇ ಮುಂದಿನ ರೊಟ್ಟಿಗೆ ಹಿಟ್ಟು ತಟ್ಟಲು ಶುರು ಮಾಡಿದ್ದಳು.